ಗೊತ್ತಿಲ್ಲದ ಡಾಕ್ಟ್ರು

ರಾಮನಗರದಲ್ಲಿ ಆಟೋ ಹತ್ತಿ ಅವರ ಹೆಸರು ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಗೊತ್ತಿಲ್ಲದ ಡಾಕ್ಟ್ರ ಮನೆ" ಎಂದರೆ ಸಾಕು, ಆಟೋದವನು ಮುಂದೆ ಏನೂ ಕೇಳದೆ ಗಾಡಿ ತಿರುಗಿಸುತ್ತಿದ್ದ. ಅವರು ತೀರಿಕೊಂಡ ದಿನವೂ ಹಾಗೆಯೇ ಆಯಿತು. ಅವರ ಜೊತೆ ಓದಿದ್ದ ದೊಡ್ಡ ಡಾಕ್ಟರೊಬ್ಬರು ಬೆಂಗಳೂರಿನಿಂದ ರೈಲಿನಲ್ಲಿ ಬಂದು, ಕೈಯಲ್ಲಿ ಹಾರ ಹಿಡಿದುಕೊಂಡು ಸ್ಟೇಷನ್ ಮುಂದೆ ವಿಳಾಸ ಕೇಳಿದರಂತೆ. "ಯಾರು ಸಾ? ಗೊತ್ತಿಲ್ಲದ ಡಾಕ್ಟ್ರಾ? ಬೆಳಗ್ಗೆ ಹೋಗ್ಬುಟ್ರಲ್ಲ ಪಾಪ, ಹತ್ತಿ" ಅಂದನಂತೆ ಆಟೋದವನು. ಆ ದೊಡ್ಡವರು ಮನೆಗೆ ಬಂದು ಅಕ್ಕನ ಎದುರು ಕೂತು, ಬಹಳ ನೊಂದುಕೊಂಡು, "ಅಷ್ಟು ಓದಿದವನನ್ನ ಈ ಊರಿನವರು ಹೀಗಾ ಕರೆಯೋದು?" ಎಂದರು. ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ, "ಯಾರೂ ಇಟ್ಟಿದ್ದಲ್ಲ ಸಾರ್, ಅವ್ರೇ ಕಷ್ಟಪಟ್ಟು ಸಂಪಾದಿಸ್ಕೊಂಡಿದ್ದು" ಎಂದರು.

ಅಕ್ಕ ಎಂದರೆ ಡಾಕ್ಟ್ರ ಹೆಂಡತಿ. ನಾನು ಅವರಿಗೆ ಸಂಬಂಧಿಯಲ್ಲ, ಡಾಕ್ಟ್ರ ಜೊತೆ ಕೆಲಸ ಮಾಡಿದವಳು. ಆದರೆ ಅವರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಡಾಕ್ಟ್ರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಮಾಗಡಿ ತಾಲ್ಲೂಕಿನ ಕುದೂರಿನವಳು. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಆಗ ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ, ಮೈಸೂರಿನ ರೈಲು ಒಂದೇ ಹಳಿಯ ಮೇಲೆ ಓಡುತ್ತಿತ್ತು. ನಮ್ಮ ಸೋದರಮಾವ ಒಂದು ದಿನ ಸುದ್ದಿ ತಂದರು. ರೇಷ್ಮೆ ನೂಲು ಬಿಚ್ಚುವ ಹೆಂಗಸರ ಕೈಗೆ ಯಾವುದೋ ಹೊಸ ಮುಲಾಮು ಪರೀಕ್ಷೆ ಮಾಡುತ್ತಾರಂತೆ, ಆ ಹೆಂಗಸರ ಜೊತೆ ಮಾತಾಡುವುದಕ್ಕೆ ಒಬ್ಬಳು ಓದಿದ ಹುಡುಗಿ ಬೇಕಂತೆ ಎಂದರು. ಸೀರೆ ಉಟ್ಟುಕೊಂಡು ಹೋದೆ. ಒಂದು ಹಳೇ ಕಟ್ಟಡದ ಕೋಣೆಯಲ್ಲಿ ತೆಳ್ಳಗೆ, ಉದ್ದಕ್ಕೆ, ಅಂಗಿಯ ಗುಂಡಿ ಒಂದು ಕಾಜ ತಪ್ಪಿಸಿ ಹಾಕಿಕೊಂಡಿದ್ದ ಒಬ್ಬರು ಕೂತಿದ್ದರು. ನನ್ನ ಮಾರ್ಕ್ಸ್ ಕಾರ್ಡನ್ನು ನೋಡಲೇ ಇಲ್ಲ.

"ಒಂದು ಔಷಧಿ ಒಳ್ಳೇದು ಅಂತ ನಿಂಗೆ ಹೆಂಗಮ್ಮ ಗೊತ್ತಾಗುತ್ತೆ?" ಎಂದು ಕೇಳಿದರು.

"ಡಾಕ್ಟ್ರು ಹೇಳಿದ್ರೆ ಗೊತ್ತಾಗುತ್ತೆ ಸಾರ್."

"ಡಾಕ್ಟ್ರಿಗೆ ಹೆಂಗೆ ಗೊತ್ತಾಗುತ್ತೆ?"

ಕೆಲಸ ಹೋಯಿತು ಎಂದುಕೊಂಡು, "ಗೊತ್ತಿಲ್ಲ ಸಾರ್" ಎಂದೆ.

"ನಾಳೆಯಿಂದ ಬಾ" ಎಂದರು.

ಅವರು ಕನಕಪುರದ ಕಡೆಯವರು, ಕಬ್ಬಾಳಿನ ಬೆಟ್ಟದ ಬುಡದಲ್ಲಿ ಹುಟ್ಟಿದವರು. ಬೆಂಗಳೂರಿನಲ್ಲಿ ಓದಿ, ಅಲ್ಲೇ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಈ ಮುಲಾಮಿನ ಕೆಲಸ ಶುರುವಾದ ಮೇಲೆ ರೈಲಿನಲ್ಲಿ ಓಡಾಡಿ ಸಾಕಾಗಿ, ರಾಮನಗರದಲ್ಲೇ ಮನೆ ಮಾಡಿದರು. ಯಾರು ಏನೇ ಕೇಳಲಿ, ಮೊದಲು ಕನ್ನಡಕ ತೆಗೆಯುತ್ತಿದ್ದರು. ಅಂಗಿಯ ಅಂಚಿಗೆ ಒರೆಸುತ್ತಿದ್ದರು. ಅಂಗಿ ಕನ್ನಡಕಕ್ಕಿಂತ ಕೊಳೆಯಾಗಿರುತ್ತಿದ್ದುದರಿಂದ ಒರೆಸಿದಷ್ಟೂ ಗಾಜು ಮಸುಕಾಗುತ್ತಿತ್ತು. ಆಮೇಲೆ ತಲೆ ಎತ್ತಿ ಸೂರು ನೋಡುತ್ತಿದ್ದರು. ಅಲ್ಲಿ ಹಲ್ಲಿಯೋ ಜೇಡವೋ ಉತ್ತರ ಹೇಳುತ್ತದೆ ಎನ್ನುವ ಹಾಗೆ ಒಂದಷ್ಟು ಹೊತ್ತು ಕಾಯುತ್ತಿದ್ದರು. ಆಮೇಲೆ "ಗೊತ್ತಿಲ್ಲ" ಎನ್ನುತ್ತಿದ್ದರು.

ಗೊತ್ತಿದ್ದದ್ದನ್ನು ಅವರು ಚೆನ್ನಾಗಿಯೇ ಹೇಳುತ್ತಿದ್ದರು. ಕೆಮ್ಮು ಎಂದು ಬಂದವನಿಗೆ, "ಇದು ಹೆಚ್ಚಿನ ಜನಕ್ಕೆ ತಾನಾಗೇ ಹೋಗುತ್ತೆ. ನಿಂಗೆ ಯಾವಾಗ ಹೋಗುತ್ತೆ ಅಂತ ಗೊತ್ತಿಲ್ಲ. ಹೋಗ್ದಿದ್ರೆ ಬಾ" ಎನ್ನುತ್ತಿದ್ದರು. ಅದರಲ್ಲಿ ತಪ್ಪೇನಿದೆ? ಆದರೆ ಬಿಸಿಲಲ್ಲಿ ಬಂದವನು ಮಧ್ಯದ ಒಂದು ಮಾತನ್ನಷ್ಟೇ ಕಿವಿಗೆ ಹಾಕಿಕೊಂಡು ಹೊರಗೆ ಹೋಗಿ, "ಆ ಡಾಕ್ಟ್ರಿಗೆ ಏನೂ ಗೊತ್ತಿಲ್ಲ ಕಣ್ಲಾ" ಎಂದು ಸಾರುತ್ತಿದ್ದ.

ಅಕ್ಕ ಹೇಳುತ್ತಿದ್ದ ಒಂದು ಕಥೆಯಿದೆ. ಅವರನ್ನು ನೋಡುವುದಕ್ಕೆ ಡಾಕ್ಟ್ರ ಕಡೆಯವರು ಬಂದಿದ್ದಾಗ, ಉಪ್ಪಿಟ್ಟು ತಿಂದು ಕಾಫಿ ಕುಡಿದಾದ ಮೇಲೆ ಅಕ್ಕನ ತಂದೆ, "ಹೆಣ್ಣು ಒಪ್ಪಿಗೆಯಾಯ್ತೇನಪ್ಪ?" ಎಂದು ಕೇಳಿದರಂತೆ. ಇವರು ಕನ್ನಡಕ ತೆಗೆದು, ಒರೆಸಿ, ಸೂರು ನೋಡಿ, "ಗೊತ್ತಿಲ್ಲ ಸಾರ್, ಒಂದ್ಸಲ ನೋಡಿದ್ರೆ ಹೆಂಗೆ ಗೊತ್ತಾಗುತ್ತೆ" ಅಂದರಂತೆ. "ನಮ್ಮಪ್ಪ ಎದ್ದು ಹೋಗೋರಿದ್ರು. ನಮ್ಮಜ್ಜಿ ತಡೆದ್ರು. 'ಸುಳ್ಳು ಹೇಳ್ದೇ ಇರೋ ಗಂಡು ಇನ್ನೆಲ್ಲಿ ಸಿಗ್ತದೋ, ಕೊಟ್ಬುಡು' ಅಂದ್ರು. ಆ ಅಜ್ಜಿ ಆಮೇಲೆ ಬಾಳಿದ್ದು ಸ್ವಲ್ಪ ದಿನ. ಇವ್ರ ಜೊತೆ ಬಾಳಿದ್ದು ನಾನು" ಎಂದು ಅಕ್ಕ ನಗಿಸುತ್ತಿದ್ದರು. "ಮದ್ವೆಯಾಗಿ ಇಷ್ಟು ವರ್ಷ ಆಯ್ತಲ್ಲ, ಈಗ್ಲಾದ್ರೂ ಗೊತ್ತಾಯ್ತಾ?" ಎಂದು ಅವರೆದುರೇ ಕೇಳುತ್ತಿದ್ದರು. ಡಾಕ್ಟ್ರು, "ಇನ್ನೂ ನೋಡ್ತಾ ಇದೀನಿ" ಎನ್ನುತ್ತಿದ್ದರು.

ಮುಲಾಮಿನ ವಿಷಯಕ್ಕೆ ಬರುತ್ತೇನೆ. ರೇಷ್ಮೆ ನೂಲು ಬಿಚ್ಚುವ ಕಡೆಗೆ ನಮ್ಮೂರಲ್ಲಿ ಫಿಲೇಚರ್ ಎನ್ನುತ್ತಾರೆ. ಅಲ್ಲಿ ಹೆಂಗಸರು ಕುದಿಯುವ ಹಾಗಿರುವ ನೀರಿನ ಬೇಸಿನ್ನಿನ ಮುಂದೆ ಕೂತು, ನೀರಲ್ಲಿ ತೇಲುವ ಗೂಡುಗಳ ಎಳೆಯ ತುದಿಯನ್ನು ಬೆರಳಿನಲ್ಲೇ ಹುಡುಕಿ, ಒಂದಷ್ಟು ಎಳೆ ಸೇರಿಸಿ ನೂಲು ಎಳೆಯುತ್ತಾರೆ. ದಿನವೆಲ್ಲ ಕೈ ಆ ನೀರಲ್ಲೇ. ಸಂಜೆಗೆ ಬೆರಳು ಬಿಳುಚಿಕೊಂಡು, ಸಂದಿಯಲ್ಲಿ ಚರ್ಮ ಒಡೆದು ಹುಣ್ಣಾಗಿರುತ್ತಿತ್ತು. ಮನೆಗೆ ಹೋಗಿ ಮುದ್ದೆ ಮುರಿದು ಸಾರಿಗೆ ಅದ್ದಿದರೆ ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತಿತ್ತು. ಎಡಗೈಯಲ್ಲಿ ಉಣ್ಣುವವರನ್ನೂ ನಾನು ನೋಡಿದ್ದೇನೆ. ಆ ಕೈಗಳಿಗೆ ಒಂದು ಹೊಸ ಮುಲಾಮು ಬಂದಿತ್ತು. ಅದು ಹಳೆಯ ಮಾಮೂಲಿ ಮುಲಾಮಿಗಿಂತ ನಿಜವಾಗಿಯೂ ಒಳ್ಳೆಯದೋ ಅಲ್ಲವೋ ಎಂದು ನೋಡುವುದು ನಮ್ಮ ಕೆಲಸ. ಕೆಲವರಿಗೆ ಹೊಸದು, ಕೆಲವರಿಗೆ ಹಳೆಯದು. ಡಬ್ಬಿ ಒಂದೇ ತರ, ಬಣ್ಣ ಒಂದೇ ತರ, ವಾಸನೆ ಒಂದೇ ತರ. ಯಾವ ಡಬ್ಬಿಯಲ್ಲಿ ಯಾವುದಿದೆ ಎಂದು ನಮಗೂ ತಿಳಿಯದ ಹಾಗೆ ಬೆಂಗಳೂರಿನಲ್ಲಿ ಬೇರೆಯವರು ತುಂಬಿ ಕಳಿಸುತ್ತಿದ್ದರು.

"ಕೊಡೋ ನಮ್ಗೂ ಗೊತ್ತಿರಬಾರದಾ ಸಾರ್?" ಎಂದು ಮೊದಲ ವಾರ ನಾನು ಕೇಳಿದೆ. ಅವರು ಬಾಯಲ್ಲಿ ವಿವರಿಸಲಿಲ್ಲ. ಮಾರನೇ ದಿನ ಬೆಳಗ್ಗೆ ನನ್ನನ್ನು ಬಿಡದಿಗೆ ಕರೆದುಕೊಂಡು ಹೋದರು. ಬಿಡದಿಯ ತಟ್ಟೆ ಇಡ್ಲಿ ಅವರ ದೌರ್ಬಲ್ಯ. ಅಲ್ಲಿನ ಒಂದು ಹೋಟೆಲಿನ ಇಡ್ಲಿಯನ್ನು ಬಿಟ್ಟರೆ ಬೇರೆಯದು ಇಡ್ಲಿಯೇ ಅಲ್ಲ ಎನ್ನುವುದು ಅವರು "ಗೊತ್ತಿಲ್ಲ" ಎನ್ನದೆ ಆಡುತ್ತಿದ್ದ ಒಂದೇ ಮಾತು. ಆ ಹೋಟೆಲಿನಿಂದ ಒಂದು, ಎದುರು ಹೋಟೆಲಿನಿಂದ ಒಂದು ಇಡ್ಲಿ ತರಿಸಿ, ತಂದವನ ಹತ್ತಿರ ಒಂದೇ ತರದ ಎಲೆಯ ಮೇಲೆ ಹಾಕಿಸಿದರು. ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡು ಎರಡನ್ನೂ ತಿಂದರು. ಬಲಗಡೆಯದನ್ನು ತೋರಿಸಿ, "ಇದು! ಬಾಯಲ್ಲಿಟ್ಟ ತಕ್ಷಣ ಗೊತ್ತಾಯ್ತು ನೋಡು" ಎಂದರು. ತಂದವನು ಹಲ್ಲು ಕಿರಿದು, "ಅದು ಎದ್ರು ಹೋಟ್ಲುದು ಸಾ" ಎಂದ.

ಡಾಕ್ಟ್ರ ಮುಖ ಸಣ್ಣದಾಯಿತು. ಆದರೂ ನನ್ನ ಕಡೆ ತಿರುಗಿ, "ನೋಡಿದ್ಯಾ? ಹೆಸರು ಗೊತ್ತಿದ್ರೆ ನಾಲಿಗೆ ಸುಳ್ಳು ಹೇಳುತ್ತೆ. ಕಣ್ಣೂ ಹಂಗೇ. ಅದಕ್ಕೇ ನಮ್ಗೆ ಗೊತ್ತಿರಬಾರದು" ಎಂದರು. ನನಗೆ ಅರ್ಥವಾಯಿತು. ಅರ್ಥವಾಗದೇ ಹೋದದ್ದು ಮುಂದಿನ ವಾರ. ಅದೇ ಸ್ಟೇಷನ್ನಿನಲ್ಲಿ ಇಳಿದು ಅವರು ನೇರವಾಗಿ ತಮ್ಮ ಹಳೆಯ ಹೋಟೆಲಿಗೇ ನುಗ್ಗಿದರು.

"ಸಾರ್, ಹೋದ್ವಾರ ಇದು ಸೋತಿತ್ತಲ್ಲ?"

"ಒಂದೇ ಒಂದು ಪರೀಕ್ಷೆ ನಂಬ್ಕೊಂಡು ಹೋಟೆಲ್ ಬದಲಾಯಿಸಬಾರದಮ್ಮ" ಎಂದು ಇಡ್ಲಿಗೆ ಬೆಣ್ಣೆ ಸವರಿಕೊಂಡರು.

ಪರೀಕ್ಷೆಗೆ ಜನರನ್ನು ಒಪ್ಪಿಸುವುದು ಇಡ್ಲಿಯಷ್ಟು ಸುಲಭವಿರಲಿಲ್ಲ. ಮೊದಲ ಫಿಲೇಚರಿನಲ್ಲಿ ಹೆಂಗಸರೆಲ್ಲ ಬೇಸಿನ್ನಿನ ಮುಂದೆಯೇ ಕೂತು, ಕೈ ಬಿಡದೆ, ಕತ್ತು ಮಾತ್ರ ಹೊರಳಿಸಿ ಕೇಳುತ್ತಿದ್ದರು. ಅವರಿಗೆಲ್ಲ ಹಿರಿಯಳು ಪುಟ್ಟತಾಯಮ್ಮ. ಇಡೀ ಫಿಲೇಚರು ಆಕೆಯ ಮುಖ ನೋಡಿಕೊಂಡೇ ಹೂಂ ಅಥವಾ ಊಹೂಂ ಎನ್ನುತ್ತಿತ್ತು. ಡಾಕ್ಟ್ರು ಎಲ್ಲವನ್ನೂ ನಿಧಾನವಾಗಿ ಹೇಳಿ ಮುಗಿಸಿದರು.

"ಅಂಗಾದ್ರೆ ಹೊಸ ಮುಲಾಮು ಒಳ್ಳೇದಾ ಡಾಕ್ಟ್ರೇ?" ಎಂದಳು ಪುಟ್ಟತಾಯಮ್ಮ.

ಕನ್ನಡಕ, ಅಂಗಿ, ಸೂರು. "ಗೊತ್ತಿಲ್ಲವ್ವ."

"ಕೆಟ್ಟದ್ದಾ?"

"ಅದೂ ಗೊತ್ತಿಲ್ಲ. ಕೆಟ್ಟದ್ದು ಅನ್ನೋ ಹಂಗೆ ಇಲ್ಲೀಗಂಟ ಏನೂ ಕಂಡಿಲ್ಲ."

"ನಂಗೆ ಕೊಡೋ ಡಬ್ಬೀಲಿ ಯಾವ್ದೈತೆ?"

"ಅದಂತೂ ನಂಗೆ ಗೊತ್ತೇ ಇಲ್ಲ."

ಫಿಲೇಚರಿನ ತುಂಬ ನಗು. "ಲೇ, ನಮ್ ಕೈ ಸುಟ್ಟೈತೆ ಅಂತಾದ್ರೂ ಗೊತ್ತಾ ಕೇಳ್ರೇ ಇವ್ರನ್ನ" ಎಂದಳು ಮೂಲೆಯಿಂದ ಒಬ್ಬಳು. ಡಾಕ್ಟ್ರೂ ನಕ್ಕರು. ನಕ್ಕು ಹಾಗೆಯೇ ನಿಂತರು. ಪುಟ್ಟತಾಯಮ್ಮ ಮಾತ್ರ ನಗಲಿಲ್ಲ. ಕೈಯನ್ನು ನೀರಿನಿಂದ ಹೊರಗೆ ತೆಗೆದು ಸೆರಗಿಗೆ ಒರೆಸಿಕೊಂಡಳು.

"ಒಂದ್ ಮಾತು ಕೇಳ್ತೀನಿ. ಇಲ್ಲಿಗೆ ಎಷ್ಟೋ ಜನ ಬತ್ತಾರೆ. ಕೈ ನೋಡ್ತಾರೆ, ಕೆಮ್ಮು ಕೇಳ್ತಾರೆ, ಬರ್ಕಂಡು ಹೋಯ್ತಾರೆ. ತಿರುಗಿ ಬಂದು ಏನಾಯ್ತು ಅಂತ ಒಬ್ರೂ ಹೇಳಿಲ್ಲ. ನೀವು ಹೇಳ್ತೀರಾ?"

ಈ ಸಲ ಡಾಕ್ಟ್ರು ಕನ್ನಡಕ ತೆಗೆಯಲಿಲ್ಲ. "ಮುಗಿದ ಮೇಲೆ ನಾನೇ ಬಂದು ಹೇಳ್ತೀನಿ. ಒಳ್ಳೇದಾದ್ರೂ ಹೇಳ್ತೀನಿ, ಕೆಟ್ಟದ್ದಾದ್ರೂ ಹೇಳ್ತೀನಿ" ಎಂದರು.

"ಕೊಡವ್ವ ಇಲ್ಲಿ, ಎಲ್ಲಿ ಹೆಬ್ಬೆಟ್ಟು ಒತ್ತಬೇಕು?" ಎಂದಳು ಪುಟ್ಟತಾಯಮ್ಮ ನನ್ನ ಕಡೆ ತಿರುಗಿ. ಆಕೆ ಒತ್ತಿದ ಮೇಲೆ ಎಲ್ಲರೂ ಒತ್ತಿದರು. ಹುಣ್ಣಾದ ಹೆಬ್ಬೆರಳಿಗೆ ಶಾಯಿ ತಾಗಿ ಒಬ್ಬೊಬ್ಬರೂ "ಸ್ಸ್" ಎಂದದ್ದು ಈಗಲೂ ಕಿವಿಯಲ್ಲಿದೆ.

ಡಬ್ಬಿ ಹಂಚಿ ಕೆಲವು ವಾರಗಳಾದ ಮೇಲೆ ಕೈ ನೋಡುವುದಕ್ಕೆ ಹೋದೆವು. ಎಲ್ಲರ ಕೈಯೂ ಒಂದೇ ಅಳತೆಗೆ ಸ್ವಲ್ಪ ಸುಧಾರಿಸಿತ್ತು. ಡಾಕ್ಟ್ರಿಗೆ ಖುಷಿಯಾಗುವ ಬದಲು ಅನುಮಾನ ಬಂತು. "ನಿಮ್ಮ ನಿಮ್ಮ ಡಬ್ಬಿ ತೋರಿಸಿ" ಎಂದರು. ಡಬ್ಬಿಗಳೆಲ್ಲ ತೊಳೆದ ಹಾಗೆ ಖಾಲಿ. ಒಂದರಲ್ಲಿ ಯಾರೋ ಸೂಜಿ ದಾರ ಇಟ್ಟಿದ್ದರು. ಪುಟ್ಟತಾಯಮ್ಮ ಎದ್ದು ಹೋಗಿ, ಗೋಡೆಯ ಗೂಡಿನಿಂದ ಒಂದು ದೊಡ್ಡ ಸ್ಟೀಲ್ ಡಬ್ಬಿ ತಂದು ಮುಂದಿಟ್ಟಳು. ಅದರ ತುಂಬ ಮುಲಾಮು.

"ಎಲ್ಲಾನೂ ಇದ್ಕೇ ಹಾಕಿ ಚೆನ್ನಾಗಿ ಕಲಸ್ಬುಟ್ವಿ" ಎಂದಳು.

ಡಾಕ್ಟ್ರು ಬಗ್ಗಿ ಆ ಡಬ್ಬಿಯೊಳಗೆ ನೋಡಿದರು. ನಾನೇ, "ಯಾಕವ್ವ?" ಎಂದೆ.

"ಯಾಕೆ ಅಂದ್ರೆ? ಯಾವುದ್ರಲ್ಲಿ ಒಳ್ಳೇದೈತೆ ಅಂತ ಡಾಕ್ಟ್ರಿಗೇ ಗೊತ್ತಿಲ್ಲ. ಒಬ್ಳಿಗೆ ಒಳ್ಳೇದು ಸಿಕ್ಕಿ ಪಕ್ಕದೋಳಿಗೆ ಸಿಗ್ದಿದ್ರೆ ಚೆಂದಾನಾ? ಕಲಸಿದ್ರೆ ಎಲ್ರಿಗೂ ಒಸಿ ಒಸಿ ಒಳ್ಳೇದು ಬತ್ತದೆ. ನಾವು ನೂಲು ಎಳೆಯೋದೂ ಅಂಗೇ ಅಲ್ವಾ? ಒಂದು ಗೂಡಿನ ಎಳೆ ನಂಬ್ಕಂಡ್ರೆ ಕಿತ್ತೋಯ್ತದೆ. ನಾಕಾರು ಸೇರಿಸಿದ್ರೆ ನಿಲ್ತದೆ."

ಡಾಕ್ಟ್ರು ಅಲ್ಲೇ ಇದ್ದ ಗೂಡಿನ ಬುಟ್ಟಿಯ ಅಂಚಿನ ಮೇಲೆ ಕೂತರು. ಬುಟ್ಟಿ ವಾಲಿತು, ಗೂಡೆಲ್ಲ ಉರುಳಿ ನೆಲಕ್ಕೆ ಹೋದವು. ಅಷ್ಟು ದಿನಗಳ ಕೆಲಸ ಆ ಸ್ಟೀಲ್ ಡಬ್ಬಿಯಲ್ಲಿ ಕಲಸಿಹೋಗಿತ್ತು. ಬೈಯುತ್ತಾರೆ ಎಂದು ನಾನು ಕಾದೆ. ಅವರು ನೆಲದ ಮೇಲೆ ಕೂತು ಗೂಡು ಆರಿಸುತ್ತಾ, "ಪುಟ್ಟತಾಯವ್ವ, ನೀನು ಮಾಡಿದ್ದು ಸರಿ. ನನ್ನ ಪರೀಕ್ಷೆ ಕೆಟ್ಟೋಯ್ತು. ಎರಡೂ ನಿಜ" ಎಂದರು. ಆಕೆಗೆ ತಾನೇನು ಕೆಡಿಸಿದೆ ಎಂದು ಆಗ ಗೊತ್ತಾಗಿ, "ಅಯ್ಯೋ ಡಾಕ್ಟ್ರೇ, ಮೊದ್ಲೇ ಹೇಳಬಾರ್ದಿತ್ತಾ" ಎಂದು ತಾನೂ ಕೂತು ಗೂಡು ಆರಿಸಿದಳು.

ಆ ವಾರವೆಲ್ಲ ಅವರು ಊಟ ಸರಿಯಾಗಿ ಮಾಡಲಿಲ್ಲ ಎಂದು ಅಕ್ಕ ಹೇಳಿದರು. ಒಂದು ಬೆಳಗ್ಗೆ ಮಾತ್ರ ಹಾರಿಕೊಂಡು ಬಂದರು, ಅಂಗಿಯ ಗುಂಡಿ ಈ ಸಲ ಎರಡು ಕಾಜ ತಪ್ಪಿತ್ತು. "ಒಬ್ಬೊಬ್ಬರಿಗೆ ಬೇರೆ ಬೇರೆ ಕೊಟ್ಟಿದ್ದೇ ನಮ್ಮ ತಪ್ಪು ಕಣಮ್ಮ. ಒಂದು ಫಿಲೇಚರಿಗೆಲ್ಲ ಒಂದೇ ತರದ್ದು ಕೊಡೋಣ. ಇನ್ನೊಂದು ಫಿಲೇಚರಿಗೆ ಇನ್ನೊಂದು. ಆಮೇಲೆ ಬೇಕಾದ್ರೆ ಕಡಾಯೀಲಿ ಹಾಕಿ ಕಲಸ್ಕೊಳ್ಳಲಿ!" ಎಂದರು. ಮತ್ತೆ ಅನುಮತಿ, ಮತ್ತೆ ಹೆಬ್ಬೆಟ್ಟು, ಮತ್ತೆ "ಗೊತ್ತಿಲ್ಲ". ಎಲ್ಲ ಮೊದಲಿನಿಂದ. ಹೆಂಗಸರು ಈ ಸಲ ನಗಲಿಲ್ಲ. ತಮಾಷೆಗೆ ಅವರವರೇ ಒಬ್ಬರನ್ನೊಬ್ಬರು, "ಏನೇ, ಅಡ್ಗೆ ಏನ್ ಮಾಡ್ದೆ?" ಎಂದು ಕೇಳಿ, "ಗೊತ್ತಿಲ್ಲ ಕಣೇ, ಬೆಂಗ್ಳೂರ್ನಾಗೆ ತುಂಬಿ ಕಳಿಸ್ಯವ್ರೆ" ಎನ್ನುತ್ತಿದ್ದರು.

ಕೊನೆಗೆ ಬೆಂಗಳೂರಿನವರು ಗುಟ್ಟು ಬಿಚ್ಚಿದಾಗ, ಹೊಸ ಮುಲಾಮಿಗೂ ಹಳೆಯದಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ಎರಡೂ ಅಷ್ಟಕ್ಕಷ್ಟೇ. ಡಾಕ್ಟ್ರ ಆಸೆ ಏನಿತ್ತು ಎಂದು ಅವರು ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಆ ದಿನ ಬಿಡದಿಯಲ್ಲಿ ಇಳಿಯದೆ ನೇರ ಮನೆಗೆ ಬಂದರು.

ಮರುದಿನದಿಂದ ಹೇಳುವುದಕ್ಕೆ ಹೊರಟರು. "ಇದನ್ನ ಹೇಳಕ್ಕೆ ಯಾಕೆ ಹೋಗ್ಬೇಕು ಸಾರ್, ಒಳ್ಳೇ ಸುದ್ದಿನೂ ಅಲ್ಲ" ಎಂದೆ. "ಒಳ್ಳೇದಾದ್ರೆ ಮಾತ್ರ ಬತ್ತೀನಿ ಅಂತ ಹೇಳಿದ್ನಾ?" ಎಂದರು. ಪ್ರತಿಯೊಂದು ಫಿಲೇಚರಿಗೂ ಹೋದೆವು. ಪುಟ್ಟತಾಯಮ್ಮ ಅಷ್ಟರಲ್ಲಿ ಕೆಲಸ ಬಿಟ್ಟು ಚನ್ನಪಟ್ಟಣದ ಮಗಳ ಮನೆ ಸೇರಿದ್ದಳು. ಆಕೆಯನ್ನು ಬಿಟ್ಟುಬಿಡಬಹುದಿತ್ತು. ಇವರು ಬಿಡಲಿಲ್ಲ. ಬೊಂಬೆ ಮಾಡುವವರ ಬೀದಿಗಳಲ್ಲೆಲ್ಲ, "ಮೊದ್ಲು ನೂಲು ಬಿಚ್ತಿದ್ಳು, ಜೋರು ಬಾಯಿ" ಎಂದು ಗುರುತು ಹೇಳುತ್ತಾ ಅಲೆದೆವು. ಆ ಗುರುತಿಗೆ ಬೀದಿಗೊಬ್ಬರು ಸಿಕ್ಕಿದರು. ಕೊನೆಗೆ ನಿಜವಾದವಳು ಒಂದು ಜಗಲಿಯ ಮೇಲೆ ಕೂತು ಬೊಂಬೆಗಳನ್ನು ಬಟ್ಟೆಯಲ್ಲಿ ಉಜ್ಜುತ್ತಿದ್ದಳು.

ಡಾಕ್ಟ್ರು ನಿಂತುಕೊಂಡೇ ಹೇಳಿದರು. ಹೊಸದರಿಂದ ಹೆಚ್ಚೇನೂ ಆಗಲಿಲ್ಲ, ನಿಮ್ಮ ಫಿಲೇಚರಿಗೆ ಎರಡನೇ ಸಲ ಕೊಟ್ಟದ್ದು ಹಳೆಯದು ಎಂದರು.

ಪುಟ್ಟತಾಯಮ್ಮ ಬಾಯಿ ತೆರೆದುಕೊಂಡು ಕೇಳಿದಳು. "ಏನೂ ಆಗ್ಲಿಲ್ಲ ಅಂತ ಹೇಳಕ್ಕೆ ಇಲ್ಲೀಗಂಟ ಹುಡುಕ್ಕಂಡು ಬಂದ್ರಾ?"

"ಹೂಂ."

ಆಕೆ ಕೈಯಲ್ಲಿದ್ದ ಬೊಂಬೆಯನ್ನು ಕೆಳಗಿಟ್ಟಳು. "ಬಂದ್ರಲ್ಲ. ಒಳಕ್ ಬನ್ನಿ, ಉಂಡ್ಕಂಡು ಹೋಗಿ" ಎಂದಳು. ಉಂಡೆವು. ಬಡಿಸುವಾಗ ತನ್ನ ಕೈ ತಿರುಗಿಸಿ ತೋರಿಸಿದಳು, ಹುಣ್ಣೆಲ್ಲ ಮಾಯ್ದಿತ್ತು. "ಬಿಸಿನೀರಿನ ಸಾವಾಸ ಬುಟ್ಟಿದ್ದೇ ಮದ್ದು ಡಾಕ್ಟ್ರೇ. ಅದನ್ನ ಡಬ್ಬೀಲಿ ತುಂಬಿ ಕೊಡಿ" ಎಂದಳು. ಡಾಕ್ಟ್ರು ಮುದ್ದೆ ನುಂಗಲಾಗದಷ್ಟು ನಕ್ಕರು.

ಆಮೇಲೆಯೂ ಅವರು ಬೇರೆ ಬೇರೆ ಔಷಧಿಗಳ ಪರೀಕ್ಷೆ ಮಾಡಿದರು. ಕೆಲವು ಗೆದ್ದವು, ಹಲವು ಸೋತವು. ಎಲ್ಲದರ ಕೊನೆಗೂ ಈ ಬಂದು ಹೇಳುವ ತಿರುಗಾಟ ಇದ್ದೇ ಇರುತ್ತಿತ್ತು. ಊಟ ಹಾಕಿದ ಮನೆಗಳಿಗಿಂತ ಬಾಗಿಲು ಹಾಕಿಕೊಂಡ ಮನೆಗಳೇನೂ ಕಡಿಮೆ ಇರಲಿಲ್ಲ. ನಿವೃತ್ತರಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಸಣ್ಣ ಕ್ಲಿನಿಕ್ ಇಟ್ಟರು. ನಾನೂ ಅಲ್ಲೇ ಉಳಿದೆ. ಮಗ್ಗುಲಿನ ಬೀದಿಯ ಡಾಕ್ಟರು ಎಲ್ಲದಕ್ಕೂ "ನಾಳೆ ಬೆಳಗ್ಗೆ ಹೋಗುತ್ತೆ" ಎನ್ನುತ್ತಿದ್ದುದರಿಂದ ಅಲ್ಲಿ ಜಾತ್ರೆ. ನಮ್ಮಲ್ಲಿಗೆ, ನಾಳೆ ಬೆಳಗ್ಗೆ ಹೋಗದವರು ಬರುತ್ತಿದ್ದರು.

ಅವರಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದಾಗ ಅಕ್ಕ ಎಲ್ಲ ಕಡೆ ವಿಚಾರಿಸಿದರು. ಕನಕಪುರದ ಆಚೆ ಯಾರೋ ಬೇರು ಅರೆದು ಕೊಡುತ್ತಾರೆ, ಗ್ಯಾರಂಟಿಯಾಗಿ ವಾಸಿಯಾಗುತ್ತದೆ ಎಂದು ಸಂಬಂಧಿಕರು ಹೇಳಿದ್ದರು. "ಒಂದ್ಸಲ ಹೋಗ್ಬರೋಣ ಬನ್ನಿ, ಗ್ಯಾರಂಟಿ ಅಂತೆ" ಎಂದು ಅಕ್ಕ ಬೇಡಿಕೊಂಡರು. "ಗ್ಯಾರಂಟಿ ಕೊಡೋರ ಹತ್ರ ನಾನು ಕುಕ್ಕರ್ ತಗೋತೀನಿ ಕಣೇ, ಔಷಧಿ ಅಲ್ಲ" ಎಂದರು ಡಾಕ್ಟ್ರು. ಅಕ್ಕ ಆ ದಿನ ನಗಲಿಲ್ಲ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಒಬ್ಬಳು ಹುಡುಗಿ ಡಾಕ್ಟರು ಅವರನ್ನು ನೋಡಿಕೊಳ್ಳುತ್ತಿದ್ದಳು. ಅವರ ಕಾಯಿಲೆಗೇ ಒಂದು ಹೊಸ ಮಾತ್ರೆಯ ಪರೀಕ್ಷೆ ನಡೆಯುತ್ತಿತ್ತು. ಮಾಮೂಲಿ ಔಷಧಿ ಎಲ್ಲರಿಗೂ ಉಂಟು. ಅದರ ಜೊತೆಗೆ ಅರ್ಧ ಜನಕ್ಕೆ ಹೊಸ ಮಾತ್ರೆ, ಉಳಿದವರಿಗೆ ಅದರಂತೆಯೇ ಕಾಣುವ, ಔಷಧಿ ಇಲ್ಲದ ಹಿಟ್ಟಿನ ಮಾತ್ರೆ. ಆ ಹುಡುಗಿ ಕಾಗದ ಹಿಡಿದುಕೊಂಡು ಬಂದು, "ತುಂಬಾ ಒಳ್ಳೇ ಮಾತ್ರೆ ಸರ್, ನೀವು ಸೇರ್ಕೊಳ್ಳಿ" ಎಂದಳು.

"ಒಳ್ಳೇದು ಅಂತ ನಿಂಗೆ ಗೊತ್ತೇನಮ್ಮ?"

"ಹೌದು ಸರ್. ಅಂದ್ರೆ, ಒಳ್ಳೇ ಭರವಸೆ ಇದೆ."

"ಗೊತ್ತಿದ್ರೆ ಎಲ್ಲರಿಗೂ ಕೊಟ್ಬಿಡು. ಅರ್ಧ ಜನಕ್ಕೆ ಹಿಟ್ಟು ಯಾಕೆ ತಿನ್ನಿಸ್ತೀಯಾ?"

ಹುಡುಗಿಯ ಮುಖ ಕೆಂಪಾಯಿತು. ಅಕ್ಕ ಅವರ ಕೈ ಹಿಂಡಿದರು. ಅವರು ಬಿಡಲಿಲ್ಲ. "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ಸೈನ್ ಹಾಕ್ತೀನಿ."

ಆಕೆ ಅತ್ತ ಇತ್ತ ನೋಡಿ, ಪಕ್ಕದ ಹಾಸಿಗೆಯವರಿಗೆ ಕೇಳಿಸದ ಹಾಗೆ, "ಗೊತ್ತಿಲ್ಲ ಸರ್" ಎಂದಳು.

"ಪೆನ್ನು ಕೊಡು" ಎಂದರು. ಸಹಿ ಹಾಕುತ್ತಾ, "ಮುಗಿದ ಮೇಲೆ ನಂಗೆ ಯಾವ ಮಾತ್ರೆ ಬಂದಿತ್ತು, ಏನಾಯ್ತು, ಬಂದು ಹೇಳಬೇಕು" ಎಂದರು.

"ಖಂಡಿತ ಫೋನ್ ಮಾಡ್ತೀನಿ ಸರ್."

"ಫೋನ್ ಬೇಡ. ಬಂದು ಹೇಳು. ನಾನಿಲ್ದಿದ್ರೆ ಇವ್ಳಿಗೆ ಹೇಳು."

"ಬಿಡ್ತು ಅನ್ನಿ" ಎಂದು ಅಕ್ಕ ರೇಗಿದರು. ಮನೆಗೆ ಬಂದವರೇ ಕಬ್ಬಾಳಮ್ಮನಿಗೆ ಹರಕೆ ಕಟ್ಟಿಕೊಂಡರು. ಅದನ್ನು ನೋಡಿ ಡಾಕ್ಟ್ರು, "ಹಿಟ್ಟಿನ ಮಾತ್ರೆಯವರೆಲ್ಲರ ಪರವಾಗೂ ಕಟ್ಕೊಂಡುಬಿಡೇ. ಒಬ್ಬನಿಗೇ ಕಟ್ಟಿದ್ರೆ ಅಮ್ಮ ಬಂದು ಪರೀಕ್ಷೆ ಕೆಡಿಸ್ತಾಳೆ" ಎಂದರು.

ಮುಂದಿನ ಬೇಸಿಗೆಯ ಹೊತ್ತಿಗೆ ಅವರು ಹೋದರು.

ಆಮೇಲಿನ ದಿನಗಳಲ್ಲಿ ಅಕ್ಕನನ್ನು ಕೊರೆದದ್ದು ಒಂದೇ ಮಾತು. ಬರೀ ಹಿಟ್ಟು ತಿನ್ನಿಸಿ ಕಳಿಸಿಬಿಟ್ಟರೇನೋ. ಬೇರಿನವರ ಹತ್ತಿರ ಕೈಕಾಲು ಕಟ್ಟಿಯಾದರೂ ಕರೆದುಕೊಂಡು ಹೋಗಬೇಕಿತ್ತೇನೋ. ಬಂದವರೆಲ್ಲ ಆ ಗಾಯವನ್ನೇ ಕೆರೆಯುತ್ತಿದ್ದರು. "ಅವ್ರಿಗೆ ಯಾವ್ದು ಕೊಟ್ರು ಅಂತ ಗೊತ್ತಾದ್ರೆ ಸಾಕು ಕಣೆ, ನಾನು ನಿದ್ದೆ ಮಾಡ್ತೀನಿ" ಎನ್ನುತ್ತಿದ್ದರು ಅಕ್ಕ ನನ್ನ ಹತ್ತಿರ. "ಆ ಹುಡುಗಿ ಬಂದು ಹೇಳ್ತಾಳೆ ಅಕ್ಕ" ಎನ್ನುತ್ತಿದ್ದೆ. ನನಗೇನೂ ಅಷ್ಟು ನಂಬಿಕೆ ಇರಲಿಲ್ಲ. ವರ್ಷ ತುಂಬಿತು, ತಿಥಿಯಾಯಿತು. ಆಸ್ಪತ್ರೆಗೆ ಫೋನ್ ಮಾಡಿದರೆ, ಆ ಡಾಕ್ಟರು ಕೆಲಸ ಬಿಟ್ಟು ಬೇರೆ ಊರಿಗೆ ಹೋದರು ಎಂದರು. ಅಕ್ಕ ಆಮೇಲೆ ಆ ಮಾತು ಎತ್ತಲಿಲ್ಲ. ನಾನು ಮಾತ್ರ ಯಾರಾದರೂ "ಮಳೆ ಬತ್ತದಾ?" ಎಂದರೂ ಒಂದು ಕ್ಷಣ ಸೂರು ನೋಡುವವಳಾಗಿದ್ದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಮನೆ ಮುಂದೆ ಆಟೋ ನಿಂತಿತು. ಚೀಲ ಹಿಡಿದುಕೊಂಡು ಇಳಿದವಳು ಆ ಹುಡುಗಿಯೇ. ಈಗ ಹುಬ್ಬಳ್ಳಿಯಲ್ಲಿ ಕೆಲಸವಂತೆ. "ಸ್ಟೇಷನ್ನಿನಲ್ಲಿ ಹೆಸರು ಹೇಳಿದ್ರೆ ಯಾರಿಗೂ ತಿಳೀಲಿಲ್ಲ" ಎಂದಳು. ಕೂರು ಎಂದರೂ ಕೂರಲಿಲ್ಲ. ನಿಂತುಕೊಂಡೇ ಹೇಳಿದಳು. ಪರೀಕ್ಷೆ ಮುಗಿಯಿತು. ಹೊಸ ಮಾತ್ರೆ ತಿಂದವರಲ್ಲಿ ಸ್ವಲ್ಪ ಹೆಚ್ಚು ಜನ ಹೆಚ್ಚು ದಿನ ಬದುಕಿದ್ದಾರೆ. ಎಲ್ಲರೂ ಅಲ್ಲ. ಸರ್‌ಗೆ ಬಂದಿದ್ದು ಹಿಟ್ಟಿನ ಮಾತ್ರೆ.

ನಾನು ಅಕ್ಕನ ಪಕ್ಕಕ್ಕೆ ಹೋಗಿ ನಿಂತೆ.

ಅಕ್ಕ, "ಇನ್ಮೇಲೆ ಬರೋರಿಗೆ ಹೊಸದನ್ನ ಕೊಡ್ತೀರಾ?" ಎಂದರು.

"ಕೊಡ್ತಾರೆ ಅಮ್ಮ. ಅದಕ್ಕೆ ಸರ್ ಕೂಡ ಕಾರಣ."

"ಅವ್ರಿಗೂ ಅದನ್ನೇ ಕೊಟ್ಟಿದ್ರೆ ಉಳೀತಿದ್ರಾ?"

ಆ ಹುಡುಗಿ ಸೂರು ನೋಡಲಿಲ್ಲ. ಅಕ್ಕನ ಮುಖವನ್ನೇ ನೋಡಿದಳು. ಅವಳ ಕಣ್ಣು ತುಂಬಿತ್ತು. "ಗೊತ್ತಿಲ್ಲ ಅಮ್ಮ" ಎಂದಳು.

ಡಾಕ್ಟ್ರು ಹೋದ ಮೇಲೆ ಮೊದಲ ಸಲ ಅಕ್ಕ ನಕ್ಕುಬಿಟ್ಟರು. ಅಳುವೂ ಅದರ ಜೊತೆಗೇ ಬಂತು. ಸೆರಗಿನಿಂದ ಎರಡನ್ನೂ ಒರೆಸಿಕೊಂಡರು.

"ಇಷ್ಟು ಹೇಳಕ್ಕೆ ಹುಬ್ಬಳ್ಳಿಯಿಂದ ಬಂದ್ಯಾ?"

"ಹೇಳ್ತೀನಿ ಅಂದಿದ್ನಲ್ಲ ಅಮ್ಮ."

"ಕೈಕಾಲು ತೊಳ್ಕೋ ಹೋಗು. ಉಂಡ್ಕಂಡು ಹೋಗುವಂತೆ" ಎಂದು ಅಕ್ಕ ಒಳಗೆ ನಡೆದರು. ನಾನು ತಟ್ಟೆ ಹಾಕಿದೆ.